ನನ್ನ ಸಲುವಾಗಿ ಬಿಟ್ಟ ಹುಂಜಗಳು

ನಮ್ಮ ಹಿತ್ತಲಲ್ಲಿ ಒಂದು ಕಾಲಕ್ಕೆ ನಾಲ್ಕು ಹುಂಜ, ಏಳು ಹೇಂಟೆ ಇದ್ದವು. ಕೋಳಿ ಸಾಕಿ ಗೊತ್ತಿರುವವರು ಯಾರೇ ಆಗಲಿ, ಈ ಲೆಕ್ಕ ಕೇಳಿದರೆ ನಕ್ಕುಬಿಡುತ್ತಾರೆ. ಏಳು ಹೇಂಟೆಗೆ ಒಂದು ಹುಂಜ ಸಾಕು, ಎರಡಾದರೆ ಹೆಚ್ಚು, ನಾಲ್ಕಾದರೆ ದಿನಾ ರಕ್ತ. ಮಿಕ್ಕಿದ್ದನ್ನು ಸಾರಿಗೆ ಹಾಕಿ ಎಂದು ಹೇಳುವುದಕ್ಕೆ ದೊಡ್ಡ ಬುದ್ಧಿಯೇನೂ ಬೇಕಾಗಿಲ್ಲ. ಆದರೆ ಆ ನಾಲ್ಕರಲ್ಲಿ ಒಂದನ್ನೂ ಕೊಯ್ಯುವಂತಿರಲಿಲ್ಲ, ಮಾರುವಂತಿರಲಿಲ್ಲ, ಯಾರಿಗೂ ಕೊಡುವಂತೆಯೂ ಇರಲಿಲ್ಲ. ನಾಲ್ಕರ ಕಾಲಿಗೂ ಅರಿಶಿನದ ದಾರ ಕಟ್ಟಿತ್ತು. ಅವು ದೇವರಿಗೆ ಬಿಟ್ಟ ಹುಂಜಗಳು. ಬಿಟ್ಟಿದ್ದು ನನ್ನ ಸಲುವಾಗಿ. ನನಗೆ ಮಗುವಾದ ಮೇಲೆ ಅಮ್ಮನ ಗುಡಿಯ ಮುಂದೆ ಕೊಯ್ಯಬೇಕಾದವು.

ಮದುವೆಯಾಗಿ ನಾಲ್ಕನೇ ವರ್ಷ ನಡೆಯುತ್ತಿತ್ತು. ಮೊದಲ ಹುಂಜ ಬಿಟ್ಟವರು ನಮ್ಮ ಅತ್ತೆ. ಒಂದು ಮಂಗಳವಾರ ತಲೆಗೆ ನೀರು ಹಾಕಿಕೊಂಡು, ಮನೆಯದೇ ಕೆಂಪು ಹುಂಜದ ಕಾಲು ತೊಳೆದು ದಾರ ಕಟ್ಟಿ, "ಇವಳ ಮಡಿಲು ತುಂಬ್ಸು ತಾಯಿ, ಈ ಹುಂಜ ನಿಂದೇ" ಎಂದರು. ನಾನು ಬಚ್ಚಲ ಮುಂದೆ ಕೂತು ಪಾತ್ರೆ ತಿಕ್ಕುತ್ತಿದ್ದೆ. ಅಮ್ಮನಿಗೆ ಕೇಳಿಸಿತೋ ಇಲ್ಲವೋ, ಪಕ್ಕದ ಮನೆಯವರಿಗಂತೂ ಚೆನ್ನಾಗಿ ಕೇಳಿಸಿತು.

ಅತ್ತೆಮನೆಯವರಲ್ಲಿ ಒಂದು ಕಟ್ಟಳೆ ಇದೆ. ಯಾರ ಸಲುವಾಗಿ ಹುಂಜ ಬಿಟ್ಟಿದೆಯೋ ಅವರ ಕೈಯಿಂದಲೇ ಅದು ಕಾಳು ತಿನ್ನಬೇಕು. ಹಾಗಾಗಿ ಹರಕೆ ಯಾರೇ ಹೊರಲಿ, ಹುಂಜ ಬಂದು ಬೀಳುವುದು ನನ್ನ ಹಿತ್ತಲಿಗೆ. ಎರಡನೆಯದನ್ನು ಸಾಸ್ವೆಹಳ್ಳಿಗೆ ಕೊಟ್ಟಿರುವ ನನ್ನ ದೊಡ್ಡ ನಾದಿನಿ, ಗಂಡನ ಅಕ್ಕ, ತಂದಳು. ಕೈಚೀಲದಿಂದ ಕತ್ತು ಹೊರಗೆ ಹಾಕಿಕೊಂಡು, ಬಸ್ಸಿನವರಿಗೆಲ್ಲ ಮುಖ ತೋರಿಸಿಕೊಂಡು ಬಂದ ಹುಂಜ ಅದು. ಮೂರನೆಯದು ನಲ್ಲೂರಿನಲ್ಲಿರುವ ನನ್ನ ಗಂಡನ ಸೋದರಮಾವನದು. ನಾಲ್ಕನೆಯದನ್ನು ತಂದವಳು ನನ್ನ ಹೆತ್ತ ತಾಯಿ.

ಜಗಳೂರಿನ ಕಡೆಯಿಂದ ಬಸ್ಸು ಬದಲಾಯಿಸಿಕೊಂಡು, ಬಿಸಿಲಲ್ಲಿ ಬೆವತು, ಕರಿ ಹುಂಜದ ಮರಿಯೊಂದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದಿದ್ದಳು. ಅತ್ತೆ ಒಳಗೆ ಟೀ ಕಾಸುತ್ತಿದ್ದಾಗ ನಾನು ಕೇಳಿದೆ, "ನೀನೂನಾ ಅವ್ವ?"

"ಸುಮ್ನಿರೇ. ಎಲ್ರೂ ಬಿಟ್ಟು ನಾನೊಬ್ಳೇ ಬಿಡ್ದಿದ್ರೆ ನಿಮ್ಮತ್ತೆ ಏನಂದ್ಕೊಂತಾರೆ?"

"ನನಗೇನೂ ತೊಂದ್ರೆ ಇಲ್ಲ ಅಂತ ಡಾಕ್ಟ್ರು ಹೇಳಿದ್ದು ನಿನ್ನ ಮುಂದೇನೆ ಅಲ್ವಾ?"

ಅವ್ವ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಅದು ನಿಂಗೆ ಗೊತ್ತು, ನಂಗೆ ಗೊತ್ತು. ಇವ್ರಿಗೆ ಹೇಳಾಕೆ ಆಗ್ತೈತಾ?"

ಹೇಳಲಾಗದ ಮಾತೇನಲ್ಲ ಅದು. ಅತ್ತೆಮನೆಯಲ್ಲಿ ನಾನು ಮೊದಲೇ ಹೇಳಿದ್ದೆ. ಹಿಂದಿನ ವರ್ಷ ಅವ್ವನ ಜೊತೆ ದಾವಣಗೆರೆಗೆ ಹೋಗಿ ಎಲ್ಲ ಪರೀಕ್ಷೆ ಮಾಡಿಸಿಕೊಂಡು ಬಂದಿದ್ದೆ. ರಕ್ತ ಕೊಟ್ಟೆ, ಸ್ಕ್ಯಾನಿಂಗ್ ಆಯಿತು, ಇನ್ನೂ ಏನೇನೋ ಆದವು. ಕೊನೆಗೆ ಡಾಕ್ಟರಮ್ಮ, "ನಿಮ್ಮಲ್ಲಿ ಏನೂ ದೋಷ ಇಲ್ಲಮ್ಮ. ಇನ್ನು ನಿಮ್ಮ ಯಜಮಾನರನ್ನ ಕರ್ಕೊಂಡು ಬನ್ನಿ. ಅವರದು ಒಂದೇ ಪರೀಕ್ಷೆ, ಅರ್ಧ ದಿನದ ಕೆಲಸ" ಎಂದರು. ಆ ಅರ್ಧ ದಿನವನ್ನು ನಾನು ಅಂದಿನಿಂದ ಕೇಳುತ್ತಲೇ ಇದ್ದೆ. ಚಿನ್ನ ಕೇಳಲಿಲ್ಲ, ಸೀರೆ ಕೇಳಲಿಲ್ಲ. ಇವರು ಒಂದು ಸಲ ನನ್ನ ಜೊತೆ ದಾವಣಗೆರೆಗೆ ಬರಬೇಕು, ಅಷ್ಟೇ.

ಇವರು ಎಂದರೆ ನನ್ನ ಗಂಡ. ನ್ಯಾಮತಿಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದಾರೆ. ಗೇಟು, ಕಿಟಕಿಯ ಗ್ರಿಲ್ಲು, ಮೆಟ್ಟಿಲ ರೇಲಿಂಗು ಮಾಡುತ್ತಾರೆ. ಕೆಲಸದಲ್ಲಿ ಎತ್ತಿದ ಕೈ. ಕುಡಿತವಿಲ್ಲ, ಹೊಡೆತವಿಲ್ಲ, ಜೋರು ಮಾತೂ ಇಲ್ಲ. ಇಂಥ ಗಂಡನ ಮೇಲೆ ದೂರು ಹೇಳಿದರೆ ಯಾರೂ ನಂಬುವುದಿಲ್ಲ, ಅದೇ ನನ್ನ ಕಷ್ಟ. ಆಸ್ಪತ್ರೆಯ ಮಾತು ಎತ್ತಿದರೆ ಸಾಕು, "ನಂಗೇನಾಗೈತೆ? ಕಲ್ಲಿದ್ದಂಗೆ ಇದೀನಿ" ಎನ್ನುತ್ತಿದ್ದರು. ಇನ್ನೂ ಒತ್ತಾಯ ಮಾಡಿದರೆ ಯಾರದೋ ಗೇಟಿನ ಅಳತೆ ತೆಗೆದುಕೊಳ್ಳಬೇಕೆಂದು ಬೈಕ್ ಹತ್ತುತ್ತಿದ್ದರು. ಆ ವರ್ಷ ನಮ್ಮ ತಾಲ್ಲೂಕಿನಲ್ಲಿ ಎಷ್ಟು ಗೇಟುಗಳ ಅಳತೆ ನಡೆಯಿತೆಂದರೆ, ಅಷ್ಟು ಮನೆಗಳೇ ನಮ್ಮ ಸುತ್ತಮುತ್ತ ಇದ್ದಿರಲಾರವು.

ಆಮೇಲೆ ಬಂದ ಹುಂಜಗಳು ಮರಿಗಳಾಗಿದ್ದಷ್ಟು ದಿನ ಸುಮ್ಮನಿದ್ದವು. ಬಾಲದ ಗರಿ ಬಗ್ಗಿ, ಕೂಗಲು ದನಿ ಒಡೆಯಿತು ನೋಡಿ, ಅಂದಿನಿಂದ ಹಿತ್ತಲು ಕುಸ್ತಿ ಅಖಾಡವಾಯಿತು.

ನಮ್ಮ ತವರಿನಲ್ಲೂ ಕೋಳಿ ಇದ್ದವು, ಇವುಗಳ ಎರಡರಷ್ಟು. ಬೆಳಿಗ್ಗೆ ಮೇಲೆ ಮುಚ್ಚಿದ್ದ ಮಂಕರಿ ಎತ್ತಿದರೆ ಸಂಜೆಯವರೆಗೆ ಅವು ಎಲ್ಲಿವೆ ಎಂದು ಯಾರೂ ಕೇಳುತ್ತಿರಲಿಲ್ಲ. ತಿಪ್ಪೆ ಕೆದರುತ್ತಿದ್ದವು, ಜಾಲಿಯ ನೆರಳಲ್ಲಿ ಮಣ್ಣು ಮೈಗೆ ಎರಚಿಕೊಳ್ಳುತ್ತಿದ್ದವು, ಮೆಕ್ಕೆಜೋಳದ ಕೂಳೆ ಹೊಲದಲ್ಲಿ ಹುಳ ಹೆಕ್ಕುತ್ತಿದ್ದವು. ಅಲ್ಲೂ ಹುಂಜಗಳು ಕಾದಾಡುತ್ತಿದ್ದವು. ಒಂದು ಸೋತರೆ ಬೇಲಿಯ ಆಚೆ ಓಡಿಹೋಗುತ್ತಿತ್ತು, ಗೆದ್ದದ್ದು ಒಂದು ಸಲ ಕೂಗಿ ತನ್ನ ಪಾಡಿಗೆ ಇರುತ್ತಿತ್ತು. ಓಡುವುದಕ್ಕೆ ಜಾಗ ಇದ್ದರೆ ಜಗಳಕ್ಕೆ ಕೊನೆ ಇರುತ್ತದೆ.

ಗೋವಿನಕೋವಿಯ ಹತ್ತಿರದ ಈ ಊರಿನಲ್ಲಿ ಆ ಜಾಗವೇ ಇಲ್ಲ. ನೀರಿನ ಸೀಮೆ, ಗೇಣು ನೆಲವನ್ನೂ ಯಾರೂ ಸುಮ್ಮನೆ ಬಿಡುವುದಿಲ್ಲ. ಸುಗ್ಗಿ ಬಂತೆಂದರೆ ಎಲ್ಲರ ಅಂಗಳದಲ್ಲೂ ಟಾರ್ಪಾಲು ಹಾಸಿ ಬೇಯಿಸಿದ ಅಡಿಕೆ ಹರವುತ್ತಾರೆ. ಪಕ್ಕದ ಮನೆಯವರು ಲಿಂಗಪೂಜೆಯವರು, ಒಳ್ಳೆಯ ಜನ. ಆ ಮನೆಯ ಅಮ್ಮ ಒಂದು ದಿನ ಬೇಲಿಯ ಹತ್ತಿರ ಬಂದು, "ಬ್ಯಾಸರ ಮಾಡ್ಕೋಬ್ಯಾಡ್ರಿ. ನಿಮ್ಮ ಕೋಳಿ ಅಡಿಕೆ ಮ್ಯಾಲೆಲ್ಲ ಗಲೀಜು ಮಾಡ್ಯಾವೆ. ಒಂಚೂರು ಕಟ್ಟಿ ಹಾಕ್ಕೊಳ್ರಿ" ಎಂದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅಂದಿನಿಂದ ಕೋಳಿಗಳಿಗೆ ನಮ್ಮ ಹಿತ್ತಲೇ ಪ್ರಪಂಚವಾಯಿತು. ಬಚ್ಚಲು, ಬಟ್ಟೆ ಒಗೆಯುವ ಕಲ್ಲು, ಒಂದು ಕರಿಬೇವಿನ ಗಿಡ ಬಿಟ್ಟರೆ ಉಳಿದದ್ದು ನಾಲ್ಕು ಮಂಚ ಹಾಕುವಷ್ಟು ನೆಲ. ಸುತ್ತ ತಂತಿ ಜಾಲರಿ.

ಅಷ್ಟರಲ್ಲೇ ನಾಲ್ಕು ಹುಂಜ. ಬೆಳಕು ಹರಿಯುವ ಮೊದಲೇ ಕಾದಾಟ ಶುರು. ಜುಟ್ಟು ಹರಿದುಕೊಂಡು, ಕಣ್ಣಿನ ಸುತ್ತ ರಕ್ತ ಮಾಡಿಕೊಂಡು ಬರುತ್ತಿದ್ದವು. ಸೋತ ಹುಂಜಕ್ಕೆ ಓಡುವುದಕ್ಕೆ ಎಡೆಯಿಲ್ಲ. ಜಾಲರಿಗೆ ಢಿಕ್ಕಿ ಹೊಡೆದು ತಿರುಗಿ ಗೆದ್ದದ್ದರ ಕಾಲಿಗೇ ಬೀಳಬೇಕು. ಎಲ್ಲರ ಕೈಯಲ್ಲೂ ಸೋಲುತ್ತಿದ್ದದ್ದು ನನ್ನ ಅವ್ವ ತಂದ ಕರಿ ಹುಂಜ. ಅದು ಬಚ್ಚಲ ಮೂಲೆಯಲ್ಲಿ ತಲೆ ತೂರಿಸಿಕೊಂಡು, ಹಿಂಭಾಗ ಹೊರಗೆ ಬಿಟ್ಟು, ಬಚ್ಚಿಟ್ಟುಕೊಂಡೆ ಎಂದು ತಿಳಿದು ನಿಂತಿರುತ್ತಿತ್ತು.

ಹುಂಜಗಳಿಗಿಂತ ಹೇಂಟೆಗಳ ಪಾಡು ನೋಡಲಾಗುತ್ತಿರಲಿಲ್ಲ. ನಾಲ್ಕೂ ಹುಂಜಗಳು ಸರದಿ ಹಾಕಿದಂತೆ ಮೈಮೇಲೆ ಬೀಳುತ್ತಿದ್ದವು. ಬೆನ್ನಿನ ಪುಕ್ಕವೆಲ್ಲ ಉದುರಿ ಕೆಂಪು ಚರ್ಮ ಕಾಣುತ್ತಿತ್ತು. ಕಾಟ ತಡೆಯಲಾಗದ ಸಿಟ್ಟನ್ನು ಅವು ತಮಗಿಂತ ಸಣ್ಣದರ ಮೇಲೆ ತೀರಿಸಿಕೊಳ್ಳುತ್ತಿದ್ದವು. ಒಂದು ಬೂದು ಬಣ್ಣದ ಹೇಂಟೆ ಇತ್ತು, ತುಂಬ ಸಾಧು. ಅದು ಬೆಳಗಿನಿಂದ ಸಂಜೆಯವರೆಗೆ ಒಗೆಯುವ ಕಲ್ಲಿನ ಹಿಂದೆ ಕೂತಿರುತ್ತಿತ್ತು. ಕಾಳು ಹಾಕಿದರೂ ಬರುತ್ತಿರಲಿಲ್ಲ. ನಾನೇ ಹೋಗಿ ಅಂಗೈಯಲ್ಲಿ ನುಚ್ಚು ಹಿಡಿದರೆ ಹೆದರುತ್ತ ಹೆದರುತ್ತ ಕುಕ್ಕುತ್ತಿತ್ತು. ಬರಬರುತ್ತ ಯಾವ ಹೇಂಟೆಯೂ ಮೊಟ್ಟೆ ಇಡದಂತಾಯಿತು.

ಅತ್ತೆಗೆ ಮೊಟ್ಟೆ ನಿಂತದ್ದು ದೊಡ್ಡ ಚಿಂತೆಯಾಯಿತು. ಬುಟ್ಟಿಯೊಳಗೆ ದಿನಾ ಕೈಹಾಕಿ ನೋಡಿ ಬರಿಗೈಯಲ್ಲಿ ಬಂದು, "ಏನು ದರಿದ್ರ ಹೊತ್ತು ತಂದವಪ್ಪ ಇವು. ತಿಂದಿದ್ದೇ ಬಂತು" ಎನ್ನುತ್ತಿದ್ದರು. ಆ ಮಾತು ಕೋಳಿಗೋ ನನಗೋ ಎಂದು ಮೊದಮೊದಲು ಯೋಚಿಸುತ್ತಿದ್ದೆ. ಆಮೇಲೆ ಯೋಚಿಸುವುದನ್ನು ಬಿಟ್ಟೆ. ಒಂದು ದಿನ ಅವರು ಒಗೆಯುವ ಕಲ್ಲಿನ ಹಿಂದಿನ ಹೇಂಟೆಯ ಕಡೆ ಕೈ ತೋರಿಸಿ, "ಆ ಬೂದಿ ಯಾಟೆ ಗೊಡ್ಡು ಬಿದ್ದೈತೆ. ಇಟ್ಕೊಂಡು ಏನ್ಮಾಡಾಣ? ಭಾನುವಾರ ಕುಯ್ದು ಬಿಡು" ಎಂದು ಮಗನಿಗೆ ಹೇಳಿದರು.

ಹುಂಜಕ್ಕೆ ದಾರ ಇತ್ತು, ದೇವರ ಕಾವಲು ಇತ್ತು. ಹೇಂಟೆಗೆ ಏನೂ ಇರಲಿಲ್ಲ.

"ಹುಂಜ ಜಾಸ್ತಿ ಆಗಿ ಹಿಂಗಾಗ್ಯಾವೆ ಅತ್ತೆ, ಯಾಟೆ ತಪ್ಪಲ್ಲ" ಎಂದೆ. "ದೇವ್ರ ಹುಂಜಕ್ಕೆ ಬಾಯಿ ಹಾಕ್ಬ್ಯಾಡ ಕಣೆ. ಮೊದ್ಲೇ ನಿಂಗೆ ಹಿಂಗೈತೆ" ಎಂದರು. ಗಂಡನ ಮುಖ ನೋಡಿದೆ. ಇವರು ಕತ್ತಿ ಮಸೆಯುವ ಕಲ್ಲು ಹುಡುಕುತ್ತಿದ್ದರು.

ಭಾನುವಾರ ಇವರು ಕೊಯ್ದುಕೊಟ್ಟರು, ನಾನು ಪುಕ್ಕ ಕಿತ್ತು ಸುಟ್ಟು ಸೀಳಿದೆ. ಹೊಟ್ಟೆಯೊಳಗೆ ಕೈಹಾಕಿದರೆ ಬೆಚ್ಚಗೆ ಮೊಟ್ಟೆಗಳ ಗೊಂಚಲು ಸಿಕ್ಕಿತು. ಸಾಸಿವೆಯಷ್ಟು, ಕಡಲೆಯಷ್ಟು, ಗೋಲಿಯಷ್ಟು, ಹಳದಿ ಹಳದಿಯಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಕೆಳಗಿನ ಒಂದಕ್ಕೆ ತೆಳ್ಳಗೆ ಚಿಪ್ಪೂ ಕಟ್ಟಿತ್ತು. ಅಳು ಬರಲಿಲ್ಲ, ಕೆಟ್ಟ ಸಿಟ್ಟು ಬಂತು. ಆ ಗೊಂಚಲನ್ನು ಹಾಗೇ ತಟ್ಟೆಯಲ್ಲಿಟ್ಟು, ಅಕ್ಕಿ ಆರಿಸುತ್ತಿದ್ದ ಅತ್ತೆಯ ಮುಂದೆ ಇಟ್ಟೆ.

ಅತ್ತೆ ಬಗ್ಗಿ ನೋಡಿದರು. "ಅಯ್ಯೋ ನನ್ನವ್ವ! ಇದು ಗೊಡ್ಡಲ್ಲ ಕಣೇ. ಇನ್ನೆರಡು ದಿನ ಬಿಟ್ಟಿದ್ರೆ ಇಡ್ತಿತ್ತಲ್ಲೇ. ಎಂಥಾ ಪಾಪ ಮಾಡಿದ್ವಿ" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನಾಟಕವಲ್ಲ, ನಿಜವಾದ ಕಣ್ಣೀರು. ಅಂದು ಅವರು ಸಾರು ಮುಟ್ಟಲಿಲ್ಲ, ಬರೀ ಮಜ್ಜಿಗೆ ಅನ್ನ ಉಂಡರು. ಮಗನನ್ನು ಕರೆದು, "ಉಳಿದವನ್ನಾದ್ರೂ ಡಾಕ್ಟ್ರಿಗೆ ತೋರ್ಸೋ. ಮೂಕ್ ಪ್ರಾಣಿ, ಬಾಯಿ ಬಿಟ್ಟು ಹೇಳಾಕೆ ಬರ್ತೈತಾ ಅವಕ್ಕೆ?" ಎಂದರು.

ಸೋಮವಾರ ಬೆಳಿಗ್ಗೆ ಇವರು ಅಂಗಡಿಯ ಬಾಗಿಲು ತೆಗೆಯಲಿಲ್ಲ. ಬೆನ್ನು ಬೋಳಾಗಿದ್ದ ಒಂದು ಹೇಂಟೆಯನ್ನು ಚೀಲದಲ್ಲಿ ಹಾಕಿ, ಉಸಿರಾಡಲೆಂದು ಚೀಲಕ್ಕೆ ತೂತು ಮಾಡಿ, ಬೈಕಿನ ಹ್ಯಾಂಡಲಿಗೆ ನೇತುಹಾಕಿಕೊಂಡು ಪಶು ಆಸ್ಪತ್ರೆಗೆ ಹೋದರು. ಅಲ್ಲಿ ಎಮ್ಮೆ, ಆಡು ಹಿಡಿದುಕೊಂಡು ಬಂದವರ ಸಾಲಿನಲ್ಲಿ ಕಾದರು. ಮಧ್ಯಾಹ್ನ ದಾಟಿದ ಮೇಲೆ ಬಂದರು. ಅರ್ಧ ದಿನಕ್ಕಿಂತ ಹೆಚ್ಚೇ ಆಗಿತ್ತು.

ಊಟಕ್ಕೆ ಕೂತು ತಮ್ಮ ಅವ್ವನಿಗೆ ಎಲ್ಲವನ್ನೂ ಬಿಡಿಸಿ ಹೇಳಿದರು. "ಯಾಟೆಗಳಾಗೆ ಏನೂ ದೋಷ ಇಲ್ಲಂತೆ ಅವ್ವ. ಹುಂಜ ಜಾಸ್ತಿ, ಜಾಗ ಕಮ್ಮಿ. ಎಲ್ಲಾನೂ ಒಂದೇ ಕಡೆ ಕೂಡಿ ಹಾಕಿದ್ರೆ ಕಚ್ಚಾಡ್ತಾವಂತೆ. ಯಾಟೆಗಳಿಗೆ ಕಾಟ ಆಗ್ಬಾರ್ದು, ಹೆದ್ರಿಕೆ ಆಗ್ಬಾರ್ದು, ಆಮ್ಯಾಲೆ ತಾವೇ ಇಡ್ತಾವೆ ಅಂದ್ರು."

ನಾನು ಅನ್ನ ಬಡಿಸುತ್ತಿದ್ದೆ. "ನನ್ನ ಡಾಕ್ಟ್ರೂ ಅದನ್ನೇ ಹೇಳಿದ್ರು, ನನ್ನಲ್ಲಿ ಏನೂ ದೋಷ ಇಲ್ಲ ಅಂತ" ಎಂದೆ.

ಇವರು ಉಪ್ಪಿನಕಾಯಿ ಕೇಳಿದರು. ಅತ್ತೆ ಹಾಕಿದರು.

ಆ ವಾರವೆಲ್ಲ ನಮ್ಮ ಹಿತ್ತಲಲ್ಲಿ ವೆಲ್ಡಿಂಗಿನ ಕಿಡಿ. ಸುಳ್ಳು ಹೇಳುವುದಿಲ್ಲ, ಕೆಲಸ ಚೆನ್ನಾಗಿತ್ತು. ಅತ್ತೆಯ ಕೆಂಪು ಹುಂಜ ಒಂದನ್ನು ಹೇಂಟೆಗಳ ಜೊತೆ ಬಿಟ್ಟು, ಉಳಿದ ಮೂರಕ್ಕೆ ಬೇರೆ ಬೇರೆ ಪಂಜರ ಮಾಡಿದರು. ಒಂದರ ಮುಖ ಒಂದಕ್ಕೆ ಕಾಣದಂತೆ ನಡುವೆ ತಗಡು ನಿಲ್ಲಿಸಿದರು. ಪಕ್ಕದ ಮನೆಯವರನ್ನು ಕೇಳಿ ಅವರ ಹಾಳು ಬಿದ್ದ ಕೊಟ್ಟಿಗೆಯ ಹಿಂದಿನ ಜಾಗವನ್ನೂ ಸೇರಿಸಿಕೊಂಡು ಜಾಲರಿಯನ್ನು ಆಚೆಗೆ ಸರಿಸಿದರು. ಎಲ್ಲದಕ್ಕೂ ಒಂದೇ ತಟ್ಟೆ ಇಟ್ಟರೆ ಬಲವಾದದ್ದು ಬೇರೆಯದನ್ನು ತಿನ್ನಗೊಡುವುದಿಲ್ಲ ಎಂದು ಮೂರು ಕಡೆ ಕಾಳಿನ ತಟ್ಟೆ, ಎರಡು ಕಡೆ ನೀರು. ಕೂರುವುದಕ್ಕೆ ಎತ್ತರ ತಗ್ಗಿನ ಕಂಬಿಗಳು. ಬೆದರಿದ ಹೇಂಟೆ ಹೋಗಿ ಅವಿತುಕೊಳ್ಳಲೆಂದು ಮೂಲೆಯಲ್ಲಿ ಸೋಗೆ ಹೊದಿಸಿದ ಒಂದು ಮರೆ. ಆ ಮರೆಯನ್ನು ಮಾಡುವಾಗ ಇವರು ಕುಕ್ಕರುಗಾಲಲ್ಲಿ ಕೂತು, ತಲೆ ಬಗ್ಗಿಸಿ ಒಳಗೆ ಇಣುಕಿ, ಹೇಂಟೆಗೆ ಮುಳ್ಳು ತಾಗುತ್ತದೆಯೇ ಎಂದು ಕೈಯಾಡಿಸಿ ನೋಡಿದರು. ನಾನು ಅಡುಗೆಮನೆಯ ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ಹೇಳಿದರೆ ನಗುತ್ತೀರಿ, ನನಗೆ ಕೋಳಿಯ ಮೇಲೆ ಹೊಟ್ಟೆಕಿಚ್ಚಾಯಿತು.

ಎಲ್ಲ ಮುಗಿದ ಮೇಲೆ ಫೋಟೊ ತೆಗೆದು ಸ್ಟೇಟಸ್ಸಿಗೆ ಹಾಕಿಕೊಂಡರು. ಅದನ್ನು ನೋಡಿ ಯಾರೋ ಇಬ್ಬರು ತಮಗೂ ಹೀಗೇ ಮಾಡಿಕೊಡಿ ಎಂದು ಅಂಗಡಿಗೆ ಬಂದರಂತೆ.

ಹೇಂಟೆಗಳು ಸುಧಾರಿಸಿಕೊಳ್ಳಲು ಸಮಯ ಹಿಡಿಯಿತು. ಮೊದಲಿಗೆ ಮರೆಯಿಂದ ಹೊರಗೇ ಬರುತ್ತಿರಲಿಲ್ಲ. ಆಮೇಲೆ ನಿಧಾನಕ್ಕೆ ಅಲ್ಲಿ ಇಲ್ಲಿ ಕೆದರತೊಡಗಿದವು, ಬೂದಿಯಲ್ಲಿ ಹೊರಳಾಡಿದವು. ಬೆನ್ನಿನ ಮೇಲೆ ಮುಳ್ಳಿನಂಥ ಹೊಸ ಪುಕ್ಕ ಬಂತು. ಒಂದು ಬೆಳಿಗ್ಗೆ ಅತ್ತೆ ಸೆರಗಿನಲ್ಲಿ ಎರಡು ಮೊಟ್ಟೆ ಹಿಡಿದುಕೊಂಡು, ಮದುವಣಗಿತ್ತಿಯ ಹಾಗೆ ಮುಖ ಅರಳಿಸಿಕೊಂಡು ಒಳಗೆ ಬಂದರು. "ನೋಡ್ದೇನೆ? ನೆಮ್ಮದಿ ಬೇಕು ಕಣೆ ಅವಕ್ಕೆ. ಹೊತ್ತುಹೊತ್ತಿಗೂ ಎಲ್ಲ ಸೇರ್ಕೊಂಡು ಮೈಮ್ಯಾಲೆ ಬಿದ್ರೆ ಎಲ್ಲಿಂದ ಇಡ್ತಾವೆ ಪಾಪ?"

ಹೌದು ಅತ್ತೆ ಎಂದೆ.

ಅದೇ ದೊಡ್ಡ ನಾದಿನಿ ಐದನೆಯ ಹುಂಜ ತಂದದ್ದು ಇದಾದ ಮೇಲೆ. ಅವಳಿಗೆ ಯಾರೋ ಬೇರೊಂದು ಊರಿನ ಅಮ್ಮನ ವಿಷಯ ಹೇಳಿದ್ದರಂತೆ, ಅಲ್ಲಿಗೆ ಹುಂಜ ಬಿಟ್ಟರೆ ವರ್ಷ ತುಂಬುವುದರೊಳಗೆ ತೊಟ್ಟಿಲು ಕಟ್ಟುವುದು ಖಂಡಿತವಂತೆ. ದೊಡ್ಡ ಬಿಳಿ ಹುಂಜವನ್ನು ಕಂಕುಳಲ್ಲಿ ಇರುಕಿಕೊಂಡು ಬಂದು ಪಡಸಾಲೆಯಲ್ಲಿ ಕೂತಳು. ಇವರೂ ಮನೆಯಲ್ಲಿದ್ದರು. ದಾರ ಆಗಲೇ ಕಟ್ಟಿತ್ತು.

ಅತ್ತೆ ಹುಂಜವನ್ನು ನೋಡಿ ಕೈ ಅಡ್ಡ ಆಡಿಸಿದರು. "ಬ್ಯಾಡ ಕಣವ್ವ. ಇನ್ನ ಹುಂಜ ಬ್ಯಾಡ. ಈಗ ಒಂಚೂರು ಸುಧಾರ್ಸ್ಕೊಂಡಾವೆ. ಮತ್ತೊಂದು ಬಂದು ಕೂಗಿದ್ರೆ ಯಾಟೆಗಳು ಬೆದರ್ತಾವೆ, ಮೊಟ್ಟೆ ನಿಂತೋಗ್ತಾವೆ."

ಒಂದು ಗಳಿಗೆ ನನ್ನ ಎದೆ ಹಗುರವಾಯಿತು. ಯಾವ ಕಾರಣಕ್ಕಾದರೂ ಆಗಲಿ, ಸಾಕು ಎಂಬ ಮಾತು ಆ ಮನೆಯಲ್ಲಿ ಹೊರಟಿತಲ್ಲ.

"ಹಂಗಾರೆ ಹರಕೆ?" ಎಂದಳು ನಾದಿನಿ.

ಅತ್ತೆ ನನ್ನನ್ನು ನೋಡದೆ ಹೇಳಿದರು. "ಹುಂಜದ ಬದ್ಲಿಗೆ ಇವಳು ಮಂಗಳವಾರ, ಶುಕ್ರವಾರ ಉಪಾಸ ಇರ್ಲಿ. ಗುಡಿ ಸುತ್ತ ಉರುಳ್ಲಿ. ಇವಳಿಗೇನು ಕಷ್ಟ?"

ಅಷ್ಟು ದಿನ ನುಂಗಿಕೊಂಡದ್ದು ಬಾಯಿಗೆ ಬಂತು. "ಇರ್ತೀನಿ. ವರ್ಷಪೂರ್ತಿ ಬೇಕಾದ್ರೂ ಉಪಾಸ ಇರ್ತೀನಿ. ಎಲ್ಲಿ ಉರುಳು ಅಂದ್ರೆ ಅಲ್ಲಿ ಉರುಳ್ತೀನಿ. ಆದ್ರೆ ಮೊದ್ಲು ನಿಮ್ಮ ಮಗ ಅರ್ಧ ದಿನ ನನ್ನ ಜೊತೆ ದಾವಣಗೆರೆಗೆ ಬರ್ಲಿ. ಯಾಟೆಗೆ ಅಂತ ಅಂಗಡಿ ಮುಚ್ಚಿ ಹೋದ್ರಲ್ಲ, ನಂಗೆ ಅಂತ ಒಂದಿನ ಬರ್ಲಿ."

ನಾದಿನಿ ಬಾಯಿಗೆ ಸೆರಗು ಹಿಡಿದಳು. ಅತ್ತೆ, "ಗಂಡಸ್ರನ್ನ ಆಸ್ಪತ್ರೆಗೆ ಎಳಿತಾರೇನೆ? ನಾಲ್ಕು ಜನ ಕೇಳಿದ್ರೆ ಏನಂತಾರೆ?" ಎಂದರು. ನಾನು ಗಂಡನನ್ನೇ ನೋಡುತ್ತ ನಿಂತೆ. ಇವರು ಹೂಂ ಎನ್ನಬೇಕು, ಇಲ್ಲವೇ ಊಹೂಂ ಎನ್ನಬೇಕು, ಎರಡರಲ್ಲಿ ಒಂದನ್ನು ಕೇಳದೆ ಜಗ್ಗುವುದಿಲ್ಲ ಎಂದುಕೊಂಡಿದ್ದೆ.

ಇವರು ಎದ್ದು ಅಕ್ಕನ ಕಂಕುಳಿನಿಂದ ಹುಂಜವನ್ನು ತೆಗೆದುಕೊಂಡರು. "ಯಾಕೆ ಜಗಳ? ಹುಂಜ ಇರ್ಲಿ ಬಿಡವ್ವ. ಇದಕ್ಕೂ ಒಂದು ಪಂಜರ ಮಾಡಿದ್ರಾತು" ಎಂದು, ಮೊಳೆಗೆ ನೇತುಹಾಕಿದ್ದ ಅಳತೆಯ ಟೇಪು ತೆಗೆದುಕೊಂಡು ಹಿತ್ತಲಿಗೆ ಹೋದರು. ಅತ್ತೆಗೂ ನಾದಿನಿಗೂ ಉಸಿರು ಬಂದಂತಾಯಿತು. ಎಂಥ ಸಮಾಧಾನದ ಮನುಷ್ಯ ಎಂದು ಇಬ್ಬರೂ ಹೊಗಳಿದರು.

ಈಗಲೂ ದಿನಾ ಬೆಳಿಗ್ಗೆ ನಾನೇ ಐದೂ ಹುಂಜಗಳಿಗೆ ಅಂಗೈಯಲ್ಲಿ ಕಾಳು ಹಿಡಿಯುತ್ತೇನೆ. ಅವು ಒಂದನ್ನೊಂದು ನೋಡದೆ, ಗಾಯವಿಲ್ಲದೆ, ದಪ್ಪಗಾಗಿವೆ. ಹೇಂಟೆಗಳು ಮೊಟ್ಟೆ ಇಡುತ್ತಿವೆ. ಇವರು ದಾವಣಗೆರೆಗೆ ಬಂದಿಲ್ಲ. ಪಂಜರದ ಸಾಲಿನಲ್ಲಿ ಮುಂದಾಲೋಚನೆಯಿಂದ ಇನ್ನೂ ಎರಡು ಹುಂಜಕ್ಕೆ ಜಾಗ ಬಿಟ್ಟಿದ್ದೇನೆ ಎಂದು ಮನೆಗೆ ಬಂದವರಿಗೆಲ್ಲ ತೋರಿಸುತ್ತಾರೆ.